ತೂಕಕ್ಕೆ ಸಿಕ್ಕ ಸಮೋವಾರ್

ನಮ್ಮ ಮನೆಗೆ ಹೊಸದಾಗಿ ಬಂದವರು ಕಾಫಿ ಲೋಟ ಕೈಗೆ ಬರುವ ಮೊದಲೇ ಒಂದು ಪ್ರಶ್ನೆ ಕೇಳುತ್ತಾರೆ. ಷೋಕೇಸಿನ ನಡುವಿನ ಅಂಕಣದಲ್ಲಿ ಕುಳಿತಿರುವ, ದಪ್ಪ ಹೊಟ್ಟೆಯ, ಎರಡು ಕಿವಿಯ, ನೆತ್ತಿಯ ಮೇಲೆ ಕಿರೀಟದಂಥದ್ದನ್ನು ಹೊತ್ತ ಹಿತ್ತಾಳೆ ಪಾತ್ರೆಯನ್ನು ನೋಡಿ, "ಇದೇನ್ರೀ, ಹಳೇ ಕಾಲದ ಗೀಜರ್ರಾ?" ಎನ್ನುತ್ತಾರೆ. ಹೋದ ಭಾನುವಾರ ನೀರು ಸೋಸುವ ಯಂತ್ರದ ರಿಪೇರಿಗೆ ಬಂದಾತ ಈ ಪಾತ್ರೆಯ ಹೊಟ್ಟೆಯ ಕೆಳಗಿನ ತೂತಿನೊಳಗೆ ಬೆರಳು ತೂರಿಸಿ, "ಸಾರ್, ಇದಕ್ಕೊಂದು ನಲ್ಲಿ ಹಾಕ್ಕೊಡ್ಲಾ? ಬ್ಯಾಗಲ್ಲೇ ಇದೆ" ಎಂದ. ಬೇಡಪ್ಪ, ಇದು ಸಮೋವಾರ್ ಅಂತ, ರಷ್ಯಾದವರು ಚಹಾಕ್ಕೆ ನೀರು ಕಾಯಿಸುವ ಪಾತ್ರೆ ಎಂದು ವಿವರಿಸಿದೆ. "ರಷ್ಯಾಕ್ಕೆ ಹೋಗಿದ್ರಾ ಸಾರ್?" ಎಂದ. "ಇಲ್ಲ, ಪೀಣ್ಯಕ್ಕೆ ಹೋಗಿದ್ದೆ" ಎಂದೆ. ಅವನು ಜೋರಾಗಿ ನಕ್ಕ. ನಾನು ಹೇಳಿದ್ದು ನಿಜವೇ ಆಗಿತ್ತು.

ಆಗ ತೊಂಬತ್ತರ ದಶಕ. ನಾನು ಪೀಣ್ಯದ ಒಂದು ಪಂಪ್ ಕಾರ್ಖಾನೆಯಲ್ಲಿ ಗುಣಮಟ್ಟ ಪರೀಕ್ಷಕನಾಗಿದ್ದೆ. ಹೊರಗಿನಿಂದ ಬಂದ ಬಿಡಿಭಾಗಗಳನ್ನು ಅಳೆದು, ಸರಿಯಿದ್ದರೆ ಮುದ್ರೆ ಒತ್ತುವುದು, ಇಲ್ಲದಿದ್ದರೆ ವಾಪಸ್ ಕಳಿಸುವುದು ನನ್ನ ಕೆಲಸ. ಕಿಸೆಯಲ್ಲಿ ಪೆನ್ನು ಇರುತ್ತಿತ್ತೋ ಇಲ್ಲವೋ, ದಪ್ಪ ಅಳೆಯುವ ವರ್ನಿಯರ್ ಮಾತ್ರ ತಪ್ಪದೆ ಇರುತ್ತಿತ್ತು. ಮದುವೆ ಮನೆಯಲ್ಲಿ ಹೋಳಿಗೆ ಬಡಿಸಿದರೂ ನಾನು ಮೊದಲು ಅದರ ದಪ್ಪ ನೋಡುತ್ತೇನೆಂದು ನನ್ನ ಹೆಂಡತಿ ಸುಮಾ ನೆಂಟರ ಮುಂದೆ ಹೇಳಿ ನಗಿಸುತ್ತಿದ್ದಳು. ಇಂಥ ಒಣ ಮನುಷ್ಯನಿಗೆ ಕಲಾವಸ್ತುಗಳ ಹುಚ್ಚು ಹಿಡಿದದ್ದು ಹೇಗೆ ಎಂದು ನೀವು ಕೇಳಬಹುದು. ವೈಟ್‌ಫೀಲ್ಡಿನಲ್ಲಿ ಹಿಡಿಯಿತು.

ನಮ್ಮ ಕಾರ್ಖಾನೆಯ ದೊಡ್ಡ ಸಾಹೇಬರ ಮನೆ ಅಲ್ಲಿತ್ತು. ಒಂದು ಭಾನುವಾರ ನಮ್ಮನ್ನೆಲ್ಲ ಸಂಸಾರ ಸಮೇತ ಊಟಕ್ಕೆ ಕರೆದರು. ಹೆಂಚಿನ ಬಂಗಲೆ, ಸುತ್ತ ದೊಡ್ಡ ಕಾಂಪೌಂಡು, ಒಳಗೆ ಕಾಲಿಟ್ಟರೆ ಪ್ರಪಂಚವೇ ಅಲ್ಲಿತ್ತು. ಈ ಮುಖವಾಡ ಕೀನ್ಯಾದ್ದು, ಈ ತಟ್ಟೆ ಜಪಾನಿನದು, ಈ ದೀಪ ಇಸ್ತಾಂಬುಲ್‌ನದು, ಮೂರು ದಿನ ಚೌಕಾಸಿ ಮಾಡಿದೆ ಕಣ್ರೀ ಎಂದು ಸಾಹೇಬರು ಗೋಡೆಯಿಂದ ಗೋಡೆಗೆ ನಮ್ಮನ್ನು ನಡೆಸಿಕೊಂಡು ಹೋದರು. ವಾಪಸ್ ಬರುವಾಗ ಮಾರತ್ತಹಳ್ಳಿಯ ಹತ್ತಿರ ಸ್ಕೂಟರಿನಲ್ಲಿ ಹಿಂದೆ ಕುಳಿತ ಸುಮಾ, "ಅಷ್ಟೊಂದು ಸಾಮಾನಿನ ಧೂಳು ಒರೆಸೋರು ಯಾರೋ ಪಾಪ" ಎಂದಳು. ನನ್ನ ತಲೆಯಲ್ಲಿ ಆಗಲೇ ದೇಶಗಳು ಓಡುತ್ತಿದ್ದವು. ದಾಸರಹಳ್ಳಿಯ ಬಾಡಿಗೆ ಮನೆಗೆ ಬಂದು ನಮ್ಮ ಷೋಕೇಸು ನೋಡಿದೆ. ಒಂದು ಚನ್ನಪಟ್ಟಣದ ಕುದುರೆ, ಕೇರಂನಲ್ಲಿ ಗೆದ್ದ ಒಂದು ಕಪ್ಪು, ಪ್ಲಾಸ್ಟಿಕ್ ಕವರು ಬಿಚ್ಚದ ಒಂದು ಗೊಂಬೆ. ನನಗೆ ನಾಚಿಕೆಯಾಯಿತು.

ಆದರೆ ಇಸ್ತಾಂಬುಲ್‌ಗೆ ಹೋಗುವುದು ಹೇಗೆ? ನನ್ನ ಹತ್ತಿರ ಪಾಸ್‌ಪೋರ್ಟು ಇರಲಿಲ್ಲ. ನಾನು ಕಂಡ ಅತಿ ದೂರದ ಊರು ಕೊಲ್ಹಾಪುರ, ಅದೂ ಪಂಪಿನ ಕೆಲಸಕ್ಕೆ. ಪ್ರಪಂಚ ನೋಡಲು ನಾನು ಹೋಗಬೇಕಾಗಿಲ್ಲ, ಪ್ರಪಂಚವೇ ಲಾರಿಯಲ್ಲಿ ಪೀಣ್ಯಕ್ಕೆ ಬರುತ್ತದೆ ಎಂದು ಗೊತ್ತಾದದ್ದು ಅದೇ ವಾರ.

ನಮಗೆ ಹಿತ್ತಾಳೆ ವಾಲ್ವುಗಳನ್ನು ಎರಕ ಹೊಯ್ದು ಕೊಡುತ್ತಿದ್ದ ಒಂದು ಫೌಂಡ್ರಿ ಪೀಣ್ಯ ಎರಡನೇ ಹಂತದಲ್ಲಿತ್ತು. ಪ್ರತಿ ಗುರುವಾರ ಅಲ್ಲಿಗೆ ನನ್ನ ತಪಾಸಣೆ. ಅವರಿಗೆ ಕರಗಿಸಲು ಗುಜರಿ ಹಿತ್ತಾಳೆ ಬೇಕು, ಅದು ಹಡಗಿನಲ್ಲಿ ವಿದೇಶಗಳಿಂದ ಮದರಾಸಿಗೆ ಬಂದು, ಅಲ್ಲಿಂದ ಲಾರಿಯಲ್ಲಿ ಬಂದು, ನಮ್ಮೂರ ಕಡೆಯ ಹಳೇ ಪಾತ್ರೆಗಳ ಜೊತೆ ಶೆಡ್ಡಿನ ಮೂಲೆಯಲ್ಲಿ ರಾಶಿ ಬೀಳುತ್ತಿತ್ತು. ಅಷ್ಟು ವರ್ಷ ಆ ರಾಶಿಯ ಪಕ್ಕದಲ್ಲೇ ನಿಂತು ವಾಲ್ವು ಅಳೆದವನು ಆ ಗುರುವಾರ ಮೊದಲ ಸಲ ಅದರತ್ತ ತಿರುಗಿ ನೋಡಿದೆ. ಬಾಗಿಲ ಹಿಡಿಗಳು, ಮಂಚದ ಗುಬುಟುಗಳು, ಮೇಣದ ಬತ್ತಿಯ ಕಂಬಗಳು, ಯಾವುದೋ ಹಡಗಿನ ಕಿಟಕಿಯ ಬಳೆ, ಬಾಯಲ್ಲಿ ಉಂಗುರ ಕಚ್ಚಿದ ಒಂದು ಸಿಂಹದ ಮುಖ. ಎಲ್ಲವೂ ಕುಲುಮೆಯ ಸರದಿಯಲ್ಲಿದ್ದವು.

ಕುಲುಮೆಯ ಮುಂದೆ ಇದ್ದವನು ಕೆಂಪಣ್ಣ. ಐವತ್ತರ ಆಸುಪಾಸು, ಬೆಂಕಿಯ ಝಳಕ್ಕೆ ಹುಬ್ಬು ಸುಟ್ಟುಹೋಗಿ ಸದಾ ಆಶ್ಚರ್ಯಪಟ್ಟವನಂತೆ ಕಾಣುತ್ತಿದ್ದ. ಆ ಶೆಡ್ಡು ನಿಂತ ಜಾಗ ಒಂದು ಕಾಲಕ್ಕೆ ಅವರಪ್ಪನ ರಾಗಿ ಹೊಲವಂತೆ. "ಆಗ್ಲೂ ಇಲ್ಲೇ ಬಿಸ್ಲಲ್ಲಿ ಬೇಯ್ತಿದ್ವಿ, ಈಗ್ಲೂ ಬೇಯ್ತಾ ಇವ್ನಿ ಬುಡಿ ಸಾರ್" ಎನ್ನುತ್ತಿದ್ದ. ನಾನು ಸಿಂಹದ ಮುಖ ಎತ್ತಿಕೊಂಡು ತಿರುಗಿಸಿ ಮುರುಗಿಸಿ ನೋಡುವುದನ್ನು ಕಂಡು, "ಬೇಕಾ? ತಗಂಡೋಗಿ" ಎಂದ. ಮಾಲೀಕರೂ ಹಾಗೇ ಅಂದರು, ನಿಮಗೆ ಇಲ್ಲ ಅಂತೀವಾ ಸಾರ್ ಎಂದು.

ಇಲ್ಲಿ ನನ್ನ ಪ್ರಾಮಾಣಿಕತೆ ಅಡ್ಡ ಬಂತು. ಪರೀಕ್ಷಕ ಬಿಟ್ಟಿ ವಸ್ತು ತೆಗೆದುಕೊಂಡರೆ ನಾಳೆ ಅವರ ಸೊಟ್ಟ ವಾಲ್ವಿಗೂ ಮುದ್ರೆ ಒತ್ತಬೇಕಾಗುತ್ತದೆ. ಹಾಗಾಗಿ ನಾನೇ ಎದೆಯುಬ್ಬಿಸಿ ಒಂದು ಕಾನೂನು ಮಾಡಿದೆ: ತೂಕಕ್ಕೆ ತೂಕ. ರಾಶಿಯಿಂದ ಏನೇ ಎತ್ತಿದರೂ ಅಷ್ಟೇ ತೂಕದ ಹಿತ್ತಾಳೆಯನ್ನು ಮನೆಯಿಂದ ತಂದು ರಾಶಿಗೆ ಹಾಕುವುದು. ಸಿಂಹಕ್ಕೆ ಬದಲು ಮೂರು ಹಳೆಯ ನಲ್ಲಿ, ಒಂದು ಕೆಟ್ಟ ಬೀಗ ಹಾಕಿದೆ. ತಕ್ಕಡಿಯ ಮುಳ್ಳು ನಡುವೆ ನಿಂತಾಗ ನನ್ನಂಥ ಸಾಚಾ ಮನುಷ್ಯ ಇಡೀ ಪೀಣ್ಯದಲ್ಲಿಲ್ಲ ಎನಿಸಿತು.

ಆಮೇಲೆ ಗುರುವಾರಕ್ಕೊಂದು ದೇಶ. ಕೈಯಲ್ಲಿ ಚೀಲ ಹಿಡಿದು ಕಾರ್ಖಾನೆಗೆ ವಾಪಸಾದರೆ ಸಹೋದ್ಯೋಗಿಗಳು, "ಏನ್ ಗುರು, ಇವತ್ತು ಯಾವ ದೇಶ?" ಎಂದು ಕೂಗುತ್ತಿದ್ದರು. ಹಾಲೆಂಡು, ಚೀನಾ, ಟರ್ಕಿ ಎಂದು ನನಗೆ ತೋಚಿದ್ದನ್ನು ಹೇಳುತ್ತಿದ್ದೆ. ಉದ್ದ ಕತ್ತಿನ ಒಂದು ಹೂಜಿ ಪರ್ಷಿಯಾದ್ದು ಎಂದು ಆರು ತಿಂಗಳು ಹೇಳಿಕೊಂಡು ತಿರುಗಿದೆ. ಒಂದು ದಿನ ಸುಮಾ ಹುಣಸೆಹಣ್ಣು ಹಾಕಿ ತಿಕ್ಕಿದಳು, ತಳದಲ್ಲಿ ಮೊರಾದಾಬಾದ್ ಎಂಬ ಅಕ್ಷರ ಎದ್ದು ಬಂತು. ಉತ್ತರ ಪ್ರದೇಶದ ಹೂಜಿ ವಿದೇಶಕ್ಕೆ ಹೋಗಿ, ಅಲ್ಲಿ ಯಾರಿಗೋ ಬೇಡವಾಗಿ, ಗುಜರಿಯಾಗಿ ಮನೆಗೆ ಮರಳಿತ್ತು. ನನಗಿಂತ ಹೆಚ್ಚು ಪ್ರಪಂಚ ನೋಡಿದೆಯಲ್ಲ ಎಂದು ಅದನ್ನು ಷೋಕೇಸಿನಲ್ಲೇ ಉಳಿಸಿಕೊಂಡೆ.

ಇನ್ನೊಂದು ಸಲ ಇದಕ್ಕಿಂತ ಜೋರಾಗಿ ಮುಖಭಂಗವಾಯಿತು. ಯಂತ್ರ ಕೂರಿಸಲು ಜರ್ಮನಿಯಿಂದ ಬಂದಿದ್ದ ಎಂಜಿನಿಯರನ್ನು ಮನೆಗೆ ಊಟಕ್ಕೆ ಕರೆದಿದ್ದೆ. ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ ಎಲ್ಲ ಆಯಿತು. ನನ್ನ ಸಂಗ್ರಹವನ್ನು ಸಾಹೇಬರ ಧಾಟಿಯಲ್ಲೇ ತೋರಿಸುತ್ತ ದೇವರ ಕೋಣೆಯ ಬಾಗಿಲಿಗೆ ಬಂದೆ. ಅಲ್ಲಿ ಹಂಸದ ಕತ್ತಿನ ಒಂದು ಎತ್ತರದ ಹಿತ್ತಾಳೆ ಕಂಬವಿತ್ತು. ಯುರೋಪಿನ ಯಾವುದೋ ಗುಡಿಯ ದೀಪದ ಕಂಬವಿರಬೇಕೆಂದು ನಾನು ತೀರ್ಮಾನಿಸಿದ್ದೆ, ಸುಮಾ ದಿನಾ ಅದಕ್ಕೆ ವಿಭೂತಿ ಹಚ್ಚುತ್ತಿದ್ದಳು. ಜರ್ಮನಿಯವನು ಬಗ್ಗಿ ನೋಡಿದ, ಅದರ ಕತ್ತು ಹಿಡಿದು ಮುಂದಕ್ಕೆ ಎಳೆದ, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಅವರೂರಿನ ಬಿಯರ್ ಅಂಗಡಿಗಳಲ್ಲಿ ಪೀಪಾಯಿಯಿಂದ ಲೋಟಕ್ಕೆ ಬಿಡುವ ನಲ್ಲಿಯಂತೆ ಅದು. ಸುಮಾ ಅದನ್ನು ಹಿತ್ತಲಿಗೆ ಒಯ್ದಿಟ್ಟಳು, ನಾಲ್ಕು ದಿನ ನನ್ನ ಜೊತೆ ಮಾತು ಬಿಟ್ಟಳು.

ಮನೆಯಲ್ಲಿ ಕೆಟ್ಟ ನಲ್ಲಿ, ಮುರಿದ ಬೀಗ ಎಷ್ಟಿದ್ದಾವು? ಬೇಗ ಮುಗಿದವು. ನನ್ನ ಕಣ್ಣು ಅಟ್ಟಕ್ಕೆ ಏರಿತು. ನಾವು ಸಂಸಾರ ಹೂಡಿದಾಗ ಅವ್ವ ದಾವಣಗೆರೆಯಿಂದ ಒಂದು ಗೋಣಿಚೀಲದ ತುಂಬ ಹಿತ್ತಾಳೆ ಪಾತ್ರೆ ಕಟ್ಟಿ ಕಳಿಸಿದ್ದಳು. ಆದರೆ ಅದು ಎಲ್ಲರೂ ಸ್ಟೀಲಿಗೆ ಬದಲಾಗುತ್ತಿದ್ದ ಕಾಲ, ನೀರು ಹಿಡಿಯಲು ಬಣ್ಣಬಣ್ಣದ ಪ್ಲಾಸ್ಟಿಕ್ ಕೊಡಗಳು. ಹಿತ್ತಾಳೆ ತಿಕ್ಕಲು ಯಾರಿಗೆ ಪುರುಸೊತ್ತು? ಚೀಲ ಅಟ್ಟದಲ್ಲಿ ಕಿಲುಬು ಹಿಡಿಯುತ್ತಿತ್ತು. ಮೊದಲು ಒಂದು ಕೊಳಗ ಇಳಿಸಿದೆ, ಇಂಗ್ಲೆಂಡು ಬಂತು. ಆಮೇಲೆ ಗಂಗಾಳ ಇಳಿಸಿದೆ, ಚೀನಾ ಬಂತು. ಆಮೇಲೆ ರಾಶಿಯಲ್ಲಿ ಈ ಸಮೋವಾರ್ ಕಾಣಿಸಿತು.

ನಲ್ಲಿಯೊಂದು ಇರಲಿಲ್ಲ, ಉಳಿದದ್ದೆಲ್ಲ ಇತ್ತು. ತೂಗಿದರೆ ನಾಲ್ಕೂವರೆ ಕಿಲೋ. ಅಷ್ಟು ತೂಕಕ್ಕೆ ಅಟ್ಟದಲ್ಲಿ ಉಳಿದಿದ್ದು ಎರಡೇ, ಪಂಪ್ ಸ್ಟೌವಿನ ಒಂದು ಹಳೆಯ ಬುರುಡೆ ಮತ್ತು ಅವ್ವನ ಕೊಡ. "ಕೊಡ ಅತ್ತೇದು ಕಣ್ರೀ, ಕೇಳದೆ ಕೊಡಬೇಡಿ" ಎಂದು ಸುಮಾ ಮೊದಲೇ ಹೇಳಿದ್ದಳು. ಆ ವಾರ ಅವಳು ತವರಿಗೆ ಹೋಗಿದ್ದಳು. ನಾನು ಆ ಗುರುವಾರಕ್ಕಾಗಿಯೇ ಕಾಯುತ್ತಿದ್ದೆ ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಆ ಕೊಡದ ವಿಷಯ ನಿಮಗೆ ಹೇಳಬೇಕು. ನನ್ನ ಅಜ್ಜಿ ಅವ್ವನ ಮದುವೆಗೆ ಕೊಟ್ಟ ಕೊಡ ಅದು. ಆಗೆಲ್ಲ ಪಾತ್ರೆ ಕೊಂಡರೆ ಅಂಗಡಿಯವನೇ ಸಣ್ಣ ಉಳಿ, ಸುತ್ತಿಗೆ ಹಿಡಿದು ಟಿಕ್ಕು ಟಿಕ್ಕು ಎಂದು ಚುಕ್ಕಿಗಳಲ್ಲಿ ಹೆಸರು ಕೆತ್ತಿ ಕೊಡುತ್ತಿದ್ದ. ಕೊಡದ ಹೆಗಲ ಮೇಲೆ ಹಾಗೆ ಕೆತ್ತಿತ್ತು: ಗಿರಿಜವ್ವ. ನಮ್ಮವ್ವ ಶಾಲೆಯ ಮುಖ ನೋಡಿದವಳಲ್ಲ. ಬಸ್ಸಿನ ಬೋರ್ಡು, ಪಡಿತರ ಚೀಟಿ, ನಾನು ಬರೆದ ಕಾಗದ ಯಾವುದನ್ನೂ ಓದಲಾರಳು. ಪ್ರಪಂಚದಲ್ಲಿ ಅವಳಿಗೆ ಓದಲು ಬರುತ್ತಿದ್ದುದು ಆ ನಾಲ್ಕು ಅಕ್ಷರ ಮಾತ್ರ, ಅದೂ ಆ ಕೊಡದ ಮೇಲೆ. ಬೀದಿ ನಲ್ಲಿಯ ಮುಂದೆ ಮೂವತ್ತು ಕೊಡಗಳ ಸಾಲಿದ್ದರೂ ಬೆರಳಾಡಿಸಿ ತನ್ನದನ್ನು ಹಿಡಿಯುತ್ತಿದ್ದಳು. ನೀರು ಬರುವ ತನಕ ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತು ನಾನೂ ಆ ಚುಕ್ಕಿಗಳ ಮೇಲೆ ಬೆರಳಾಡಿಸುತ್ತಿದ್ದೆ. ಸ್ಲೇಟು ಹಿಡಿಯುವ ಮೊದಲೇ ನನಗೆ ಅಕ್ಷರ ಬಂದದ್ದು ಹಾಗೆ. ಇಷ್ಟೆಲ್ಲ ಗೊತ್ತಿದ್ದೂ ಅದನ್ನು ಸ್ಕೂಟರಿನ ಮುಂದೆ ಕಾಲಿನ ನಡುವೆ ಇಟ್ಟುಕೊಂಡು ಪೀಣ್ಯಕ್ಕೆ ಒಯ್ದೆ. ಆಸೆ ಅಂದರೆ ಅದು.

ಇದಾಗಿ ಏಳೆಂಟು ತಿಂಗಳಿಗೆ ಚಿಕ್ಕಬಾಣಾವರದಲ್ಲಿ ನಮ್ಮ ಸ್ವಂತ ಮನೆ ಎದ್ದಿತು. ಗೃಹಪ್ರವೇಶಕ್ಕೆ ನಾಲ್ಕು ದಿನ ಮುಂಚೆ ಅವ್ವ ಪ್ಯಾಸೆಂಜರ್ ರೈಲಿನಲ್ಲಿ ಬಂದು ಆ ಊರಿನ ಸ್ಟೇಷನ್ನಿನಲ್ಲೇ ಇಳಿದಳು. ದಾಸರಹಳ್ಳಿಯ ಮನೆಗೆ ಬಂದು ಕೈಕಾಲು ತೊಳೆದು ಕೂತವಳೇ ಕೇಳಿದಳು:

"ತಮ್ಮಾ, ನನ್ನ ಕೊಡ ಎಲ್ಲೈತಿ? ತಿಕ್ಕಿ ಇಡ್ತೀನಿ. ಹೊಸ ಮನಿಗೆ ಗಂಗಿ ಅದರಾಗ ಬರಬೇಕು. ನಮ್ಮವ್ವ ಕೊಟ್ಟಿದ್ದು, ನಾ ನನ್ನ ಕೈಯಾಗ ಒಳಗ ಒಯ್ಯಬೇಕು."

ಸುಮಾ ನನ್ನ ಮುಖ ನೋಡಿದಳು. "ಪಾಲಿಶ್‌ಗೆ ಕೊಟ್ಟೀನಿ ಅವ್ವ" ಎಂದೆ. ಅವ್ವನಿಗೆ ಎಷ್ಟು ಸಂತೋಷವಾಯಿತೆಂದರೆ, "ನನ್ನ ಮಗ ನೋಡು, ಹೇಳೂದಕ್ಕಿಂತ ಮೊದ್ಲ ಮಾಡ್ಯಾನ" ಎಂದು ಪಕ್ಕದ ಮನೆಯವರಿಗೂ ಹೇಳಿ ಬಂದಳು. ಅಡುಗೆಮನೆಯಲ್ಲಿ ಸುಮಾ ಮೆಲ್ಲಗೆ, "ಇದರಲ್ಲಿ ನಾನಿಲ್ಲ. ನೀವುಂಟು, ನಿಮ್ಮವ್ವ ಉಂಟು" ಎಂದಳು.

ಮಾರನೆಯ ದಿನ ಗುರುವಾರವಲ್ಲದಿದ್ದರೂ ಫೌಂಡ್ರಿಗೆ ಓಡಿದೆ. ಕೆಂಪಣ್ಣ ಬಿಳಿ ಹೊಗೆಯ ನಡುವೆ ಕರಗಿದ ಹಿತ್ತಾಳೆಯನ್ನು ಅಚ್ಚುಗಳಿಗೆ ಸುರಿಯುತ್ತಿದ್ದ. ಮುಗಿಯುವವರೆಗೂ ಕಾದು, ಕೊಡ ಎಲ್ಲಿ ಎಂದೆ.

"ಯಾವ್ ಕೊಡ ಸಾರ್? ನೀವ್ ಸ್ಟೌ ಜತೆ ತಂದಿದ್ದಾ? ಅದು ಅವತ್ತೇ ಕರುಗ್ತಲ್ಲ. ವಾಲ್ವ್ ಆಯ್ತು. ನಿಮ್ ಕಂಪ್ನಿಗೇ ಓಯ್ತು, ನೀವೇ ಪಾಸ್ ಮಾಡುದ್ರಲ್ಲ."

ನಿಜ. ಅವ್ವನ ಕೊಡವನ್ನು ವರ್ನಿಯರ್ ಹಿಡಿದು ಅಳೆದು, ಎಲ್ಲ ಸರಿಯಿದೆ ಎಂದು ಮುದ್ರೆ ಒತ್ತಿದವನು ನಾನೇ. ಮರಳಿನ ರಾಶಿಯ ಮೇಲೆ ಕೂತುಬಿಟ್ಟೆ. ಅದು ನಮ್ಮವ್ವಂದು ಕೆಂಪಣ್ಣ, ಅದರ ಮೇಲೆ ಅವಳ ಹೆಸರಿತ್ತು ಎಂದೆ. ಅವನು ಹಣೆಯ ಬೆವರು ಒರೆಸಿಕೊಳ್ಳುತ್ತಿದ್ದ ಕೈಯನ್ನು ಅಲ್ಲೇ ನಿಲ್ಲಿಸಿದ.

"ಎಸ್ರಿತ್ತಾ? ಅಂಗಾರೆ ಇರ್ತದೆ ಬನ್ನಿ."

ಶೆಡ್ಡಿನ ಹಿಂದೆ ಅವನು ಬಟ್ಟೆ ಬದಲಿಸುವ ಮೂಲೆಯಲ್ಲಿ ಎಣ್ಣೆಯ ಹಳೇ ಡಬ್ಬವೊಂದಿತ್ತು. ಬಗ್ಗಿಸಿದ. ಬೆರಳುದ್ದದ, ಅಂಗೈಯಗಲದ ಹಿತ್ತಾಳೆಯ ತುಂಡುಗಳು ಗೋಣಿಯ ಮೇಲೆ ಸುರಿದವು. ದೊಡ್ಡ ಪಾತ್ರೆಗಳು ಕುಲುಮೆಗೆ ಹಿಡಿಸಬೇಕಾದರೆ ಮೊದಲು ಕತ್ತರಿಸಿ ಜಜ್ಜಬೇಕು. ಹಾಗೆ ಕತ್ತರಿಸುವಾಗ ಹೆಸರಿದ್ದ ಭಾಗವನ್ನು ಅವನು ಬೇರೆ ಮಾಡಿ ಇಡುತ್ತಿದ್ದನಂತೆ. ಹದಿನೈದು ವರ್ಷದಿಂದ.

"ಎಸ್ರಿರಾದ್ನ ಬೆಂಕೀಗಾಕಕ್ಕೆ ಕೈ ಬರಲ್ಲ ಸಾರ್. ಯಾರ್ ತಾಯಿ ಯಾರ್ ಮಗಳೋ, ಬದ್ಕವ್ರೋ ಇಲ್ವೋ. ಓನರ್ರು ನೋಡುದ್ರೂ ನೋಡ್ದಂಗಿರ್ತಾರೆ."

"ಇವರ ಹೆಸರೆಲ್ಲ ಓದಿದ್ದೀಯಾ?"

"ನಂಗೆಲ್ಲಿ ಓದಕ್ ಬರ್ತದೆ? ಇದು ಎಸ್ರು ಅಂತ ಮಾತ್ರ ಗೊತ್ತಾಯ್ತದೆ. ನೀವ್ ಓದಿ, ಕೇಳಾನ."

ಇಬ್ಬರೂ ಕುಕ್ಕರಗಾಲಲ್ಲಿ ಕೂತೆವು. ನಾನು ಒಂದೊಂದೇ ತುಂಡು ಎತ್ತಿ, ಕಿಲುಬು ಒರೆಸಿ ಓದುತ್ತ ಹೋದೆ. ಪಾರ್ವತಮ್ಮ. ದೊಡ್ಡ ಕೆಂಚಮ್ಮ. ಜಯಲಕ್ಷ್ಮಿ. ಪ್ರತಿ ಹೆಸರಿಗೂ ಕೆಂಪಣ್ಣ ಊಂ ಎನ್ನುತ್ತಿದ್ದ.

"ಮಗಳ ಮದುವೆಗೆ ಸೋದರಮಾವ..."

"ಯಾರಂತೆ ಮಾವ?"

"ಹೆಸರು ಅರ್ಧಕ್ಕೇ ಕತ್ತರಿಸಿಹೋಗಿದೆ."

"ಅಯ್ಯೋ, ನನ್ ಕತ್ರೀಲೇ ಓಗ್ಬುಡ್ತು ನೋಡಿ" ಎಂದು ಅವನು ನಿಜವಾಗಿ ಸಂಕಟಪಟ್ಟ. ತಮಿಳಿನವು, ತೆಲುಗಿನವು, ಉರ್ದುವಿನವು ಇದ್ದವು. ಇಂಗ್ಲಿಷಿನಲ್ಲಿ ಯಾವಳೋ ಒಬ್ಬ ಮೇರಿ ಇದ್ದಳು. ನನಗೆ ಗುರುತೇ ಸಿಗದ ಲಿಪಿಯ ಎರಡು ತುಂಡುಗಳಿದ್ದವು, ಅವನ್ನೂ ಅವನು ಅಷ್ಟೇ ಜೋಪಾನವಾಗಿ ಇಟ್ಟಿದ್ದ. ಸಂಗ್ರಹ ಎಂದರೆ ಇದು, ನನ್ನದಲ್ಲ, ವೈಟ್‌ಫೀಲ್ಡಿನ ಸಾಹೇಬರದೂ ಅಲ್ಲ ಎಂದು ಆಗ ನನಗೆ ಅನ್ನಿಸಿತು. ಡಬ್ಬದ ತಳದ ಹತ್ತಿರ ಬಂದಾಗ ಓದುವ ಮೊದಲೇ ನನ್ನ ಬೆರಳಿಗೆ ಗೊತ್ತಾಯಿತು. ಗಿರಿಜವ್ವ. ಅದನ್ನು ಓದಿ ಹೇಳುವಷ್ಟರಲ್ಲಿ ಅಳು ಬಂತು. ಕೆಂಪಣ್ಣ ಆ ಕಡೆ ತಿರುಗಿ ಉಳಿದವನ್ನು ಡಬ್ಬಕ್ಕೆ ತುಂಬತೊಡಗಿದ.

ಇದಕ್ಕೆ ಬದಲು ಏನು ತಂದು ಹಾಕಲಿ, ತೂಕಕ್ಕೆ ತೂಕ ಅಲ್ಲವೇ ಎಂದೆ. "ಇಷ್ಟೊತ್ತು ಓದುದ್ರಲ್ಲ ಸಾರ್, ಓಗ್ಲಿ ಬುಡಿ" ಎಂದ.

ಅವ್ವ ನಡುಮನೆಯಲ್ಲಿ ಮೊರ ಹಿಡಿದು ಅಕ್ಕಿ ಹಸನು ಮಾಡುತ್ತಿದ್ದಳು. ಕರ್ಚೀಫಿನಲ್ಲಿ ಸುತ್ತಿದ್ದ ತುಂಡನ್ನು ಅವಳ ಮುಂದಿಟ್ಟೆ. ಬೆರಳಾಡಿಸಿದಳು. ಮುಖ ಅರಳಿತು, ಆಮೇಲೆ ಅದರ ಅಂಚು ಮುಟ್ಟಿ ನೋಡಿದಳು.

"ಉಳಿದದ್ದೆಲ್ಲಿ?"

ಎಲ್ಲ ಹೇಳಿದೆ, ಪಾಲಿಶ್ ಸುಳ್ಳನ್ನೂ ಸೇರಿಸಿ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಎರಡು ಬಾರಿಸಿದ್ದರೆ ನನಗೆ ಹಗುರಾಗುತ್ತಿತ್ತು. ತುಂಡನ್ನು ಮಡಿಲಿಗೆ ಹಾಕಿಕೊಂಡು, "ಯಾವುದಕ್ಕ ಕೊಟ್ಟಿ? ತೋರಿಸು" ಎಂದಳು. ಸಮೋವಾರ್ ತಂದಿಟ್ಟೆ. ಗೆಣ್ಣಿನಿಂದ ಬಡಿದು ಸದ್ದು ಕೇಳಿದಳು, ಸುತ್ತ ತಿರುಗಿಸಿದಳು, ಹೊಟ್ಟೆಯ ಮೇಲೆ ಕೈಯಾಡಿಸುತ್ತ ಒಂದು ಕಡೆ ನಿಲ್ಲಿಸಿದಳು.

"ಇಲ್ಲಿ ಹೆಸರೈತಿ."

ಅಲ್ಲಿ ಒಂದು ಸಾಲು ಅಕ್ಷರ ಒತ್ತಿದ್ದನ್ನು ನಾನು ನೋಡಿದ್ದೆ. ತಯಾರಿಸಿದವರ ಗುರುತೋ ಏನೋ ಎಂದು ಬಿಟ್ಟಿದ್ದೆ.

"ಯಾರದು?"

"ಗೊತ್ತಿಲ್ಲ ಅವ್ವ. ಆ ದೇಶದ ಅಕ್ಷರ, ನನಗ ಓದಾಕ ಬರೂದಿಲ್ಲ."

"ಇಷ್ಟೆಲ್ಲ ಓದಿ ಒಂದು ಹೆಸರು ಓದಾಕ ಬರೂದಿಲ್ಲ?" ಎಂದು ನನ್ನನ್ನು ನೋಡಿದಳು. ಮತ್ತೆ ಆ ಪಾತ್ರೆಯನ್ನು ನೋಡಿದಳು. "ಯಾವಾಕೀದೋ ಏನೋ ಪಾಪ. ಆಕಿ ಹೊಟ್ಟ್ಯಾಗೂ ನಿನ್ನಂಥಾವ ಒಬ್ಬ ಹುಟ್ಟಿರಬೇಕು. ಜ್ವಾಪಾನ ಇಡು. ಆಕಿ ಹುಡುಕ್ಕೊಂಡು ಬಂದ್ರ ಮಾತಾಡ್ದ ಕೊಟ್ಟು ಕಳಿಸಬೇಕು. ಕೇಳಸ್ತೇನು?"

ಹೂಂ ಎಂದೆ.

ಗೃಹಪ್ರವೇಶದ ಬೆಳಿಗ್ಗೆ ಬೋರ್‌ವೆಲ್ ಹತ್ತಿರ ಗಂಗೆ ಪೂಜೆಗೆ ನಾಲ್ಕು ಸ್ಟೀಲಿನ ಕೊಡಗಳ ಪಕ್ಕ ಐದನೆಯದಾಗಿ ಅವ್ವ ಸಮೋವಾರನ್ನು ಕೂರಿಸಿದಳು. ನಲ್ಲಿಯ ತೂತಿಗೆ ಬಟ್ಟೆ ತುರುಕಿ, ಒಂದು ಕಿವಿಗೆ ತನ್ನ ಹೆಸರಿನ ತುಂಡನ್ನು ಅರಿಶಿನದ ದಾರದಿಂದ ಕಟ್ಟಿದ್ದಳು. ಅಯ್ಯನವರು ಮಂತ್ರ ನಿಲ್ಲಿಸಿ, ಇದೇನಮ್ಮಾ ಎಂದರು. "ನನ್ನ ಕೊಡದ ಬದ್ಲಿಗೆ ಬಂದೈತ್ರಿ. ಹೊರಗ ನಿಲ್ಸಾಕ ಆಗ್ತೈತೇನ್ರಿ?" ಎಂದಳು. ಅವರು ವಿಭೂತಿ ಹಚ್ಚಿದರು. ಸೊಂಟದ ಮೇಲೆ ಅದನ್ನಿಟ್ಟುಕೊಂಡು ಅವಳು ಹೊಸಿಲು ದಾಟುವಾಗ ಬಟ್ಟೆಯ ಸಂದಿಯಿಂದ ನೀರು ಹನಿಯುತ್ತಲೇ ಇತ್ತು, ಬೋರ್‌ವೆಲ್‌ನಿಂದ ದೇವರ ಕೋಣೆಯವರೆಗೂ ಒಂದು ಒದ್ದೆ ದಾರಿಯಾಯಿತು. ಹೆಗಲ ಮೇಲೆ ಹೊಸ ಟವೆಲು ಹಾಕಿಕೊಂಡು ಬಂದಿದ್ದ ಕೆಂಪಣ್ಣ ಆ ಹಿತ್ತಾಳೆ ತುಂಡನ್ನೇ ದಿಟ್ಟಿಸಿ, "ಗಿರಿಜವ್ವ ಅಂತಲ್ವಾ ಸಾರ್?" ಎಂದ.

ಅದಾದ ಮೇಲೆ ನಾನು ಆ ರಾಶಿಗೆ ಕೈ ಹಾಕಲಿಲ್ಲ. ಅವ್ವ ಈಗ ಇಲ್ಲ, ಕೊಡದ ತುಂಡು ಸಮೋವಾರಿನ ಕಿವಿಯಲ್ಲಿ ಹಾಗೇ ತೂಗುತ್ತಿದೆ. ನಲ್ಲಿಯ ತೂತನ್ನು ಮುಚ್ಚಿಸಲು ನನಗೆ ಇಷ್ಟವಿಲ್ಲ. ಮೊನ್ನೆ ನಮ್ಮ ಮಹಡಿಯ ಮನೆಗೆ ಬಾಡಿಗೆಗೆ ಬಂದ ಡಾಕ್ಟರ್ ಹುಡುಗಿ ಪರಿಚಯ ಮಾಡಿಕೊಳ್ಳಲು ಕೆಳಗೆ ಬಂದಿದ್ದಳು. ಷೋಕೇಸು ನೋಡಿದವಳೇ ಎದ್ದು ನಿಂತಳು. ಆರು ವರ್ಷ ರಷ್ಯಾದಲ್ಲೇ ಓದಿದವಳಂತೆ. "ಅಂಕಲ್, ಇದರ ಮೇಲೆ ಏನೋ ಬರ್ದಿದೆ, ಓದಿ ಹೇಳ್ಲಾ?" ಎಂದು ಕನ್ನಡಕ ಸರಿಮಾಡಿಕೊಂಡು ಬಗ್ಗಿದಳು. ನಾನು ಮೆಲ್ಲಗೆ ಷೋಕೇಸಿನ ಬಾಗಿಲು ಹಾಕಿದೆ.

"ಕಾಫಿ ಆರುತ್ತೆ, ಮೊದಲು ಕುಡಿಯಮ್ಮ" ಎಂದೆ.

ಓದಿಸಿದರೆ ಯಾರದೆಂದು ಗೊತ್ತಾಗಿಬಿಡುತ್ತದೆ. ಗೊತ್ತಾದರೆ ಕೊಟ್ಟು ಕಳಿಸಬೇಕಲ್ಲ.